ಮಂಕಿ ಕ್ಯಾಪ್ ಹಾಕಿಕೊಂಡ ಈಮು

ಆ ಚಳಿಗಾಲದ ಆರಂಭದಲ್ಲಿ ನನಗೆ ತಲೆನೋವಾಗಿದ್ದದ್ದು ಈಮು ಅಲ್ಲ, ಹಸುಗಳು. ನಾನು ಪಶುವೈದ್ಯೆ. ಹುಟ್ಟಿದ್ದು ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ. ಊರೂರು ವರ್ಗವಾಗಿ ಸುತ್ತಿ ಮತ್ತೆ ಅದೇ ಸೀಮೆಗೆ ಬಂದಿದ್ದೆ. ನನ್ನ ಪಾಲಿಗೆ ಬಂದ ಹಳ್ಳಿಗಳಲ್ಲಿ ಒಂದು ಕೋರಮಂಡಲ್ ಚಿನ್ನದ ಗಣಿ ಜಾಗದ ಅಂಚಿನಲ್ಲೇ ಇತ್ತು. ಊರಿನ ಹಿತ್ತಿಲುಗಳು ಮುಗಿಯುವಲ್ಲಿ ಗಣಿಯ ಹಳೇ ಬೇಲಿ. ಬೇಲಿಯಾಚೆ ಸೀಮೆಜಾಲಿ, ಹುಲ್ಲು. ಅದರಾಚೆ ಎಲ್ಲರೂ ಸೈನೈಡ್ ದಿಬ್ಬ ಎಂದು ಕರೆಯುವ, ಚಿನ್ನ ತೆಗೆದ ಮೇಲೆ ಸುರಿದ ಬಿಳೀ ಮಣ್ಣಿನ ಗುಡ್ಡಗಳು. ಗಣಿ ಮುಚ್ಚಿ ಜನರ ಓಡಾಟ ಕಡಿಮೆಯಾದ ಮೇಲೆ ಅಲ್ಲಿ ಕೃಷ್ಣಮೃಗಗಳು ಹೆಚ್ಚಿದ್ದವು. ಊರವರಿಗೆ ಅವು ಬರೀ ಜಿಂಕೆ. ಬೆಳಿಗ್ಗೆ ಬೇಲಿಯ ಕಂಡಿಯಲ್ಲಿ ಊರಿನ ಹಸುಗಳು ಒಳಗೆ ನುಗ್ಗುತ್ತಿದ್ದವು, ಜಿಂಕೆಗಳ ಪಕ್ಕದಲ್ಲೇ ಮೇಯುತ್ತಿದ್ದವು, ಒಂದೇ ಕುಂಟೆಯಲ್ಲಿ ನೀರು ಕುಡಿಯುತ್ತಿದ್ದವು.

ನನ್ನ ಭಯ ಇದ್ದದ್ದು ಆ ಕುಂಟೆಯ ಮೇಲೆ. ಕಾಲುಬಾಯಿ ಜ್ವರ ಹಸುವಿಗೆ ಬಂದರೆ ಜಿಂಕೆಗೂ ಬರುತ್ತದೆ. ಹಸುವಾದರೆ ಕೊಟ್ಟಿಗೆಯಲ್ಲಿ ಕಟ್ಟಿ, ಬಾಯಿ ತೊಳೆದು, ಗೊರಸಿಗೆ ಔಷಧ ಹಚ್ಚಿ ಉಳಿಸಿಕೊಳ್ಳಬಹುದು. ಕಾಲು ನೋಯುವ ಜಿಂಕೆ ಎಲ್ಲಿ ಬಿದ್ದಿತೋ ಅಲ್ಲೇ ನಾಯಿಯ ಪಾಲು. ಜಿಂಕೆಯನ್ನು ಹಿಡಿದು ಲಸಿಕೆ ಹಾಕುವುದು ಆಗದ ಮಾತು, ಹೆದರಿಯೇ ಸತ್ತುಹೋಗುತ್ತದೆ. ಹಾಗಾಗಿ ಜಿಂಕೆ ಉಳಿಯಬೇಕಾದರೆ ಸುತ್ತಲಿನ ಹಸುಗಳಿಗೆ ಸೂಜಿ ಬೀಳಬೇಕು. ಇದು ಪುಸ್ತಕದಲ್ಲಿ ಸರಳವಾಗಿದೆ. ಹಸುವಿನ ಯಜಮಾನನ ಎದುರು ನಿಂತು ಹೇಳುವಾಗ ಅಷ್ಟು ಸರಳವಾಗಿ ಕಾಣುವುದಿಲ್ಲ.

"ಜಿಂಕೆಗೆ ಜ್ವರ ಬತ್ತದೆ ಅಂತ ನಮ್ಮ ಹಸೀಗ್ಯಾಕೆ ಸೂಜಿ ಡಾಕ್ಟ್ರಮ್ಮ? ಪಕ್ಕದ್ಮನೆಯೋರು ಕೆಮ್ಮಿದ್ರೆ ನೀವು ಮಾತ್ರೆ ನುಂಗ್ತೀರಾ?"

ಹೀಗೆ ಕೇಳಿದವನು ಆ ಊರಿನ ಒಬ್ಬ ರೈತ, ವಯಸ್ಸು ಐವತ್ತರ ಆಸುಪಾಸು. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಹಸು ಇದ್ದದ್ದು ಅವನ ಕೊಟ್ಟಿಗೆಯಲ್ಲಿ, ಎಲ್ಲರಿಗಿಂತ ಹೆಚ್ಚು ಮಾತು ಇದ್ದದ್ದೂ ಅವನ ಬಾಯಲ್ಲೇ. ಸೂಜಿ ಹಾಕಿಸಿದರೆ ಹಾಲು ಇಳಿಯುತ್ತದೆ, ಗಬ್ಬದ ಹಸು ಕಂದು ಹಾಕುತ್ತದೆ ಎಂದು ಅವನು ನಂಬಿದ್ದ. ಅವನು ನಂಬಿದ್ದರಿಂದ ಊರೂ ನಂಬಿತ್ತು. ಹಾಲು ಇಳಿದರೂ ಒಂದೆರಡು ಹೊತ್ತು ಅಷ್ಟೇ ಎಂದು ನಾನು ಹೇಳಿದೆ. ನಿಮಗೂ ಜ್ವರ ಬರುತ್ತೆ, ಆಗ ಹಾಲೂ ಹೋಗುತ್ತೆ ಹಸುವೂ ಹೋಗುತ್ತೆ ಎಂದೆ. ಅವನು ಕಾಫಿ ಕುಡಿಸಿ ಕಳಿಸಿದ. ಲಸಿಕೆಯ ಐಸ್ ಪೆಟ್ಟಿಗೆ ಹೇಗೆ ಜೀಪು ಹತ್ತಿತ್ತೋ ಹಾಗೇ ಇಳಿಯಿತು.

ಮತ್ತೊಮ್ಮೆ ಹೋದೆ. ಮತ್ತೆ ಕಾಫಿ.

ಈಮು ಇದ್ದದ್ದೂ ಅವನ ಮನೆಯಲ್ಲೇ. ಈಮು ಸಾಕಿದರೆ ಎಣ್ಣೆಗೆ, ಮಾಂಸಕ್ಕೆ, ಗರಿಗೆ ಎಲ್ಲಕ್ಕೂ ಗಿರಾಕಿ ಇದೆ ಎಂದು ಹಿಂದೊಮ್ಮೆ ಈ ಕಡೆಯೆಲ್ಲ ಒಂದು ಹುಚ್ಚು ಹತ್ತಿತ್ತು. ಯಾವುದೋ ಕಂಪನಿಯವರು ಕಾರಿನಲ್ಲಿ ಬಂದು ಮರಿಗಳನ್ನು ಕೊಟ್ಟು, ಅವನನ್ನು ಮರಿಗಳ ನಡುವೆ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದರು. ದೊಡ್ಡವಾದ ಮೇಲೆ ಕೊಳ್ಳಲು ಬರುತ್ತೇವೆ ಅಂದವರು ಬರಲೇ ಇಲ್ಲ. ಉಳಿದ ಈಮುಗಳು ಏನಾದವು ಎಂದು ನಾನು ಕೇಳಿದಾಗ ಅವನು ಗೋಡೆ ನೋಡುತ್ತಾ "ಹೋದ್ವು" ಎಂದಿದ್ದ. ಒಂದು ಮಾತ್ರ ಉಳಿದದ್ದು ಅವನ ತಾಯಿಯ ಹಟದಿಂದ. ಆ ಅಜ್ಜಿ ಮದುವೆಯಾಗಿ ಬಂದದ್ದು ಆಂಧ್ರದ ಗಡಿಯ ಆಚೆಯಿಂದ. ಹಸುಗಳ ಜೊತೆ ಕನ್ನಡದಲ್ಲಿ, ಈಮುವಿನ ಜೊತೆ ತೆಲುಗಿನಲ್ಲಿ ಮಾತಾಡುತ್ತಿದ್ದಳು. ಅದನ್ನು "ನಾಯನಾ", ಎಂದರೆ ಅಪ್ಪಾ, ಎಂದು ಕರೆಯುತ್ತಿದ್ದಳು, ಮಗನನ್ನು ಕರೆಯುವುದಕ್ಕಿಂತ ಮೃದುವಾಗಿ.

ಆಳೆತ್ತರದ ಹಕ್ಕಿ. ಹಸುಗಳ ನಡುವೆ ಮಲಗುತ್ತಿತ್ತು, ರಾಗಿ ಹುಲ್ಲಿನ ಮೆದೆಯ ಸುತ್ತ ತಿರುಗುತ್ತಿತ್ತು, ಹಾಲಿನ ಡೈರಿಗೆ ಬರುವವರ ಮೊಬೈಲನ್ನು ಬಗ್ಗಿ ನೋಡುತ್ತಿತ್ತು. ಒಮ್ಮೆ ಮೋಟರ್ ಬೈಕಿನ ಕೀ ನುಂಗಿ, ಅದು ಹೊರಬರುವವರೆಗೆ ಮನೆಯವರೆಲ್ಲ ಕೋಲು ಹಿಡಿದು ಅದರ ಹಿಂದೆ ಹಿಂದೆ ಓಡಾಡಿದ್ದರಂತೆ.

ಹಾಗಿರುವಾಗ ಗಡಿಯಾಚೆ ಎಲ್ಲೋ ಕೋಳಿಗಳು ಸಾಯುತ್ತಿವೆ, ಹಕ್ಕಿಜ್ವರ ಇರಬಹುದು ಎಂಬ ಸುದ್ದಿ ಬಂತು. ಮಂಕಾಗಿರುವ ಯಾವುದೇ ಹಕ್ಕಿ ಕಂಡರೂ ಗಂಟಲಿನಿಂದಲೂ ಹಿಂದಿನಿಂದಲೂ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು ಕಳಿಸಬೇಕು ಎಂದು ನಮಗೆಲ್ಲ ಸೂಚನೆ ಆಯಿತು. ರೋಗ ಖಚಿತವಾದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಆ ಹಕ್ಕಿ ಮಾತ್ರವಲ್ಲ, ಸುತ್ತಲಿನ ಊರುಗಳ ಕೋಳಿಗಳನ್ನೆಲ್ಲ ಕೊಂದು ಹೂಳಬೇಕು.

ಅದೇ ವಾರ ರೈತ ಫೋನು ಮಾಡಿದ. ಧ್ವನಿಯಲ್ಲಿ ಎಂದಿನ ಗತ್ತಿರಲಿಲ್ಲ.

"ಡಾಕ್ಟ್ರಮ್ಮ, ಒಸಿ ಬಂದೋಗ್ತೀರಾ? ನಮ್ ಈಮು ಎದ್ದೇಳ್ತಿಲ್ಲ. ತಿಂತಿಲ್ಲ, ನೀರೂ ಕುಡೀತಿಲ್ಲ. ಕೂತಿದ್ ಕಡೆ ಕೂತೈತೆ."

ಹೋಗಿ ನೋಡಿದೆ. ಕೊಟ್ಟಿಗೆಯ ಮೂಲೆಯಲ್ಲಿ ಹುಲ್ಲಿನ ಮೇಲೆ ಈಮು ಕಾಲು ಮಡಿಸಿ ಕೂತಿತ್ತು. ಉದ್ದನೆಯ ಕತ್ತನ್ನು ನೆಲಕ್ಕೆ ಚಾಚಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಅಜ್ಜಿ ಅದರ ಎದುರು ಕೂತು ರಾಗಿಮುದ್ದೆ ಹಿಡಿದಿದ್ದಳು.

"ಏಮೈಂದಿ ನಾಯನಾ?" ಎಂದು ಅದನ್ನು ಕೇಳಿ, ನನ್ನ ಕಡೆ ತಿರುಗಿ, "ದೃಷ್ಟಿ ತಾಕೈತೆ ತಾಯಿ. ಬಂದೋರೆಲ್ಲ ಇವುನ್ ಜೊತೆ ನಿಂತ್ಕಂಡು ಫೋಟೋ ತಕ್ಕಂಡೋಗ್ತಾರೆ" ಎಂದಳು.

"ದೃಷ್ಟಿ ಇಲ್ಲ ಏನಿಲ್ಲ. ಮೊಳೆ ನುಂಗೈತೆ" ಎಂದ ಮಗ.

ನನಗೆ ದೃಷ್ಟಿಯಲ್ಲೂ ಮೊಳೆಯಲ್ಲೂ ನಂಬಿಕೆ ಹುಟ್ಟಲಿಲ್ಲ. ಮಂಕು, ಅನ್ನ ನೀರು ಬಿಟ್ಟಿದೆ, ಚಳಿಗಾಲ, ಸುತ್ತ ರೋಗದ ಸುದ್ದಿ. ಕೋಳಿಗಳಿಗೆ ಬರುವ ಕೊಕ್ಕರೆ ರೋಗವಿರಬಹುದು, ಅದಕ್ಕಿಂತ ಕೆಟ್ಟದ್ದೂ ಇರಬಹುದು. ಹಿತ್ತಿಲಲ್ಲಿ ನಾಟಿಕೋಳಿಗಳು ಮರಿಗಳನ್ನು ಕಟ್ಟಿಕೊಂಡು ಕೆದಕುತ್ತಿದ್ದವು. ನಮ್ಮ ಸಾಹೇಬರಿಗೆ ಫೋನು ಮಾಡಿದೆ.

"ಈಮು ಅಂದರೆ ಕೋಳಿಯ ಲೆಕ್ಕವೋ ಕಾಡುಪ್ರಾಣಿಯ ಲೆಕ್ಕವೋ?" ಎಂದು ಅವರು ಕೇಳಿದರು.

"ಸಾಕಿರೋದು ಸಾರ್. ಆದರೆ ನಮ್ಮ ದೇಶದ್ದಲ್ಲ."

"ಸತ್ತರೆ ಕೋಳಿ ಅಂತಲೇ ಇಟ್ಟುಕೊಳ್ಳಿ. ಬದುಕಿದ್ದರೆ ಏನೆಂದು ಆಮೇಲೆ ನೋಡೋಣ. ಸದ್ಯಕ್ಕೆ ಮಾದರಿ ತೆಗೆಯಿರಿ. ಪೂರ್ತಿ ಸೂಟು ಹಾಕಿಕೊಂಡೇ ತೆಗೆಯಿರಿ."

ಮರುದಿನ ಬೆಳಿಗ್ಗೆ ನಾನೂ ನಮ್ಮ ಆಸ್ಪತ್ರೆಯ ಸಹಾಯಕನೂ ರೈತನ ಜಗುಲಿಯಲ್ಲಿ ಆ ಬಿಳೀ ಸೂಟಿನೊಳಗೆ ಹೊಕ್ಕೆವು. ತಲೆಯಿಂದ ಪಾದದವರೆಗೆ ಬಿಳಿ, ಕೈಗೆ ನೀಲಿ ಗವಸು, ಕಣ್ಣಿಗೆ ಕನ್ನಡಕ. ಊರವರು ಕೊರೊನಾ ಕಾಲ ನೆನೆದು ಬಾಗಿಲು ಹಾಕಿಕೊಂಡರು. ಕಿಟಕಿಗಳಲ್ಲಿ ಮಾತ್ರ ಕಣ್ಣುಗಳಿದ್ದವು. ಸಹಾಯಕ ಹಿಂದಿನಿಂದ ಹಿಡಿಯಬೇಕು, ನಾನು ಗಂಟಲಿಗೆ ಕಡ್ಡಿ ಹಾಕಬೇಕು ಎಂದು ಮಾತಾಡಿಕೊಂಡು ಒಳಗೆ ಹೋದೆವು.

ಅಲುಗಾಡದೆ ಕೂತಿದ್ದ ಹಕ್ಕಿ ನಮ್ಮನ್ನು ನೋಡಿತು. ಒಂದು ಸಲ ಕಣ್ಣು ಪಿಳುಕಿಸಿತು. ಆಮೇಲೆ ಎದ್ದಿತು. ರೋಗಿಷ್ಠ ಪ್ರಾಣಿ ಅಷ್ಟು ಬೇಗ ಏಳುವುದನ್ನು ನನ್ನ ಸರ್ವಿಸಿನಲ್ಲಿ ನಾನು ನೋಡಿಲ್ಲ. ಸಹಾಯಕನನ್ನು ಗೊಬ್ಬರದ ಬುಟ್ಟಿಯ ಮೇಲೆ ಕೂರಿಸಿ, ಹಸುಗಳ ನಡುವೆ ತೂರಿ, ಹಿತ್ತಿಲು ದಾಟಿ, ಬೇಲಿಯ ಕಂಡಿಯಲ್ಲಿ ಗಣಿ ಜಾಗಕ್ಕೆ ಹೊರಟೇಹೋಯಿತು.

ನಾನು ಹಿಂದೆ ಓಡಿದೆ. ಓಡಬಾರದಿತ್ತು, ಆದರೆ ರೋಗವಿರಬಹುದಾದ ಹಕ್ಕಿ ನವಿಲುಗಳಿರುವ ಜಾಗಕ್ಕೆ ಹೋಗುತ್ತಿದೆ ಎನ್ನುವಾಗ ಮತ್ತೇನು ಮಾಡುವುದು? ಜಿಂಕೆಗಳ ಹಿಂಡು ಮೇಯುತ್ತಿತ್ತು. ಈಮು ಅದರ ನಡುವೆ ಹಾದುಹೋದಾಗ ಅವು ತಲೆಯೆತ್ತಿ ನೋಡಿದವು, ಅಷ್ಟೇ. ನನ್ನನ್ನು ಕಂಡಾಗ ಮಾತ್ರ ದಿಕ್ಕಿಗೊಂದು ನೆಗೆದು ಹಾರಿದವು. ಸೂಟಿನೊಳಗೆ ಬೆವರು ಇಳಿದು ಕನ್ನಡಕ ಮಬ್ಬಾಯಿತು. ಸೈನೈಡ್ ದಿಬ್ಬದ ಬಿಳೀ ಮಣ್ಣಿನ ಮೇಲೆ ಏರುತ್ತಾ ಜಾರುತ್ತಾ ಇದ್ದಾಗ ದೂರದಿಂದ ಯಾರೋ ಕೂಗಿದರು.

ಕೂಗಿದವರು ಆ ಜಾಗದ ಅರಣ್ಯ ಇಲಾಖೆ ಗಾರ್ಡು. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಇಲ್ಲಿನದೇ ನಂದಿದುರ್ಗ ಗಣಿಯ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ ಹುಟ್ಟಿ ಬೆಳೆದವರು, ಮನೆಮಾತು ತಮಿಳು, ತಂದೆ ಗಣಿಗೆ ಇಳಿಯುತ್ತಿದ್ದವರು. ಚಳಿಗೆ ಕಂದು ಬಣ್ಣದ ಮಂಕಿ ಕ್ಯಾಪ್ ಹಾಕಿ ಮುಖ ಮಾತ್ರ ಬಿಟ್ಟುಕೊಂಡಿದ್ದರು. ಬಿಳೀ ಮಣ್ಣಿನ ಮೇಲೆ ಬಿಳೀ ಸೂಟಿನ ನಾನು ಅವರಿಗೆ ಕಾಣಲೇ ಇಲ್ಲವಂತೆ. ಎರಡು ನೀಲಿ ಕೈಗಳು ತಾವೇ ಗಾಳಿಯಲ್ಲಿ ಓಡಿ ಬರುವುದು ಕಂಡು ಶಿಲುಬೆ ಗುರುತು ಹಾಕಿಕೊಂಡು ಆಮೇಲೆ ಮುರುಗನನ್ನೂ ಕೂಗಿದೆ ಎಂದು ನಂತರ ಹೇಳಿದರು.

ನಾನು ಕನ್ನಡಕ ತೆಗೆದು ಯಾರೆಂದು ಹೇಳಿದೆ. ಇಬ್ಬರೂ ಸೇರಿ ಹುಡುಕಿದೆವು. ಈಮು ದೂರ ಹೋಗಿರಲಿಲ್ಲ. ದಿಬ್ಬದ ಕೆಳಗೆ, ಹಳೇ ಮಳೆನೀರಿನ ಕಾಲುವೆ ಬಂದು ಮುಗಿಯುವ ತಗ್ಗಿನಲ್ಲಿ, ಜಾಲಿ ಮರದ ನೆರಳಿಗೆ ಕೂತುಬಿಟ್ಟಿತ್ತು. ಮನೆಯಲ್ಲಿ ಕೂತಿದ್ದಂತೆಯೇ, ಕತ್ತು ಚಾಚಿ, ಕಣ್ಣು ಅರ್ಧ ಮುಚ್ಚಿ. ಗಾರ್ಡು ಬಗ್ಗಿ ಅದರ ಹೊಟ್ಟೆಯ ಕೆಳಗೆ ನೋಡಿದರು. ಗರಿಗಳ ಅಂಚಿನಲ್ಲಿ ಬೆಳ್ಳಗೆ, ಗುಂಡಗೆ ಏನೋ ಇಣುಕುತ್ತಿತ್ತು.

"ಅಯ್ಯಯ್ಯೋ, ಮಯಿಲ್ ಮುಟ್ಟೈ!" ಎಂದು ಎದೆ ಹಿಡಿದುಕೊಂಡರು. "ಮೇಡಂ, ನವಿಲ್ ಮೊಟ್ಟೆ! ನಿಮ್ ಕೋಳಿ ನವಿಲ್ ಗೂಡ್ ಮೇಲೆ ಕೂತ್ಕೊಂಡೈತೆ!"

ಅಲ್ಲಿಂದ ಮುಂದೆ ಯಾರೂ ಏನೂ ಮಾಡುವಂತಿರಲಿಲ್ಲ. ನವಿಲು ರಾಷ್ಟ್ರಪಕ್ಷಿ, ಅದರ ಗೂಡು ಮುಟ್ಟಿದರೆ ಗಾರ್ಡಿನ ಕೆಲಸಕ್ಕೇ ಸಂಚಕಾರ. ಈಮುವಿಗೆ ಹಕ್ಕಿಜ್ವರದ ಅನುಮಾನ. ಮಾದರಿ ತೆಗೆಯಲು ಹೋದರೆ ಅದು ಮೊಟ್ಟೆ ತುಳಿದು ಓಡುತ್ತದೆ, ತೆಗೆಯದೆ ಅದನ್ನು ಸಾಗಿಸಿದರೆ ನನ್ನ ಕೆಲಸಕ್ಕೆ ಸಂಚಕಾರ. ಗಾರ್ಡು ತಮ್ಮ ರೇಂಜರ್ ಸಾಹೇಬರಿಗೆ ಫೋನು ಮಾಡಿದರು. ನಾನು ನಮ್ಮ ಸಾಹೇಬರಿಗೆ ಮಾಡಿದೆ. ಇಬ್ಬರು ಸಾಹೇಬರೂ ಪರಸ್ಪರ ಫೋನು ಮಾಡಿಕೊಳ್ಳಲು ಒಪ್ಪಲಿಲ್ಲ. ಯಾರು ಮೊದಲು ಮಾಡಬೇಕು ಎನ್ನುವುದೇ ಒಂದು ವಿಷಯ. ಕೊನೆಗೆ ಎರಡೂ ಫೋನಿನ ಸ್ಪೀಕರ್ ಹಾಕಿ, ಗಾರ್ಡು ಮತ್ತು ನಾನು ಅವನ್ನು ಮುಖಾಮುಖಿ ಹಿಡಿದುಕೊಂಡು ನಿಂತೆವು.

"ನಿಮ್ಮ ಹಕ್ಕಿಯನ್ನು ತೆಗೀರಿ, ನಮ್ಮ ಗೂಡನ್ನು ಮುಟ್ಟಬೇಡಿ" ಎಂದಿತು ಗಾರ್ಡಿನ ಕೈಯಲ್ಲಿದ್ದ ಫೋನು.

"ಅದು ನಿಮ್ಮ ಜಾಗಕ್ಕೆ ಬಂದಾಗಿದೆ. ಕಾಡಿನೊಳಗೆ ಇರುವುದೆಲ್ಲ ನಿಮ್ಮದೇ ಅಲ್ಲವೇ?" ಎಂದಿತು ನನ್ನ ಫೋನು.

"ಕಾಡಿಗೆ ಬಂದ ಲಾರಿ ನಮ್ಮದಾಗುತ್ತಾ ಸಾರ್?"

"ಲಾರಿ ಮೊಟ್ಟೆ ಮೇಲೆ ಕೂರುತ್ತಾ?"

ಈಮು ಕಣ್ಣು ತೆರೆದು ನೋಡಿತು. ಗಾರ್ಡು ತಲೆ ಬಗ್ಗಿಸಿ ನಗು ತಡೆಯುತ್ತಿದ್ದರು. ಆ ನಗುವಿಗೆ ಫೋನು ಕುಲುಕಿ ಅವರ ಸಾಹೇಬರ ಧ್ವನಿಯೂ ಹತ್ತಿರ ದೂರ ಆಗುತ್ತಿತ್ತು. ಬಹಳ ಹೊತ್ತಿನ ಮೇಲೆ ತೀರ್ಮಾನವಾಯಿತು. ಬೆಂಗಳೂರಿನಿಂದ ಕಾಡುಪ್ರಾಣಿಗಳ ಡಾಕ್ಟರನ್ನು ಕರೆಸುವುದು; ಅವರು ಬರುವ ತನಕ ಯಾರೂ ಹತ್ತಿರ ಹೋಗದಂತೆ ಹಗ್ಗ ಕಟ್ಟಿ ನಾವಿಬ್ಬರೂ ಕಾಯುವುದು.

ಬೆಂಗಳೂರಿನವರು ಅಂದು ಬೇರೆಲ್ಲೋ ಚಿರತೆಯ ಹಿಂದೆ ಇದ್ದರು. ನಾಳೆ ಬರುತ್ತೇನೆ ಎಂದರು.

ಮರುದಿನ ಬೆಳಗಾಗುವಷ್ಟರಲ್ಲಿ ಸುದ್ದಿ ಎಲ್ಲೆಲ್ಲೂ ಹಬ್ಬಿತ್ತು. ರೈತನ ಊರೆಲ್ಲ ಬಂತು. ಮೈಸೂರು ಮೈನ್ಸ್ ಲೈನುಗಳಿಂದ ಜನ ಬಂದರು. ನವಿಲು ಈಮುವನ್ನು ಮದುವೆಯಾಗಿದೆ ಎಂದು ಕೇಳಿ ಬಂದವರಿದ್ದರು, ಗಣಿಯಿಂದ ಬಂಗಾರದ ಮೊಟ್ಟೆ ಸಿಕ್ಕಿದೆಯೆಂದು ಕೇಳಿ ಬಂದವರೂ ಇದ್ದರು. ಬಂಗಾರಪೇಟೆಯ ಪಾನಿಪುರಿಯವನೊಬ್ಬ ತನ್ನ ಗಾಡಿಯನ್ನು ಬೇಲಿಯ ತನಕ ತಳ್ಳಿಕೊಂಡು ಬಂದ. ಬಂಗಾರಪೇಟೆಯ ಪಾನಿಪುರಿಗೇ ಹೆಸರಾದ ಆ ಬಣ್ಣವಿಲ್ಲದ ಖಾರದ ನೀರು ಕುಡಿದು ಜನ ಹಗ್ಗದಾಚೆ ನಿಂತು ಕಣ್ಣೀರು ಹಾಕುತ್ತಿದ್ದರು. ದೂರದಿಂದ ನೋಡಿದವರಿಗೆ ಈಮುವಿಗಾಗಿ ಅಳುತ್ತಿದ್ದಾರೆ ಅನ್ನಿಸಬೇಕು. ನಿಜವಾಗಿ ಅಳುತ್ತಿದ್ದದ್ದು ಅಜ್ಜಿಯೊಬ್ಬಳೇ. ಹಗ್ಗದ ಹತ್ತಿರ ಕಂಬಳಿ ಹಾಸಿ ಕೂತು, ತೆಲುಗಿನಲ್ಲಿ ಮೆಲ್ಲಗೆ ಅದರ ಜೊತೆ ಮಾತಾಡುತ್ತಿದ್ದಳು.

ನನ್ನನ್ನು ಕರೆದು ಕೇಳಿದಳು: "ತಾಯಿ, ಜ್ವರ ಅಂತ ಗೊತ್ತಾದ್ರೆ ಇವುನ್ನ ಏನ್ ಮಾಡ್ತೀರಾ?"

ನನಗೆ ಸುಳ್ಳು ಹೇಳಲು ಬರಲಿಲ್ಲ. "ಗೊತ್ತಾಗಲಿ ಅಜ್ಜಿ, ಆಮೇಲೆ ಮಾತಾಡೋಣ" ಎಂದೆ. ಅವಳಿಗೆ ಅರ್ಥವಾಯಿತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಊರವರೆಲ್ಲ ಇಲ್ಲಿರುವಾಗ ಹಸುಗಳನ್ನು ನೋಡಿಕೊಳ್ಳುವವರು ಯಾರು? ಅವನ್ನೂ ಹೊಡೆದುಕೊಂಡು ಬಂದಿದ್ದರು. ಬೇಲಿಯುದ್ದಕ್ಕೂ ಜಾಲಿ ಮರಗಳಿಗೆ ಊರಿನ ಹಸುಗಳನ್ನೆಲ್ಲ ಸಾಲಾಗಿ ಕಟ್ಟಿದ್ದರು. ನಾನು ಎರಡು ಸಲ ಹೋಗಿ ಕಾಫಿ ಕುಡಿದು ಬಂದ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಾಲು ಸಿಕ್ಕುತ್ತಿರಲಿಲ್ಲ. ಜೀಪಿನಲ್ಲಿ ಐಸ್ ಪೆಟ್ಟಿಗೆ ಇತ್ತು. ಆದರೆ ದುಃಖದ ಮನೆಯಲ್ಲಿ ವ್ಯಾಪಾರ ಮಾಡಿದಂತಾಗುತ್ತದೆಂದು ಸುಮ್ಮನಿದ್ದೆ.

ರೈತನೇ ಬಂದು ಪಕ್ಕದಲ್ಲಿ ನಿಂತ. ತುಂಬಾ ಹೊತ್ತು ಈಮುವನ್ನೇ ನೋಡುತ್ತಿದ್ದ.

"ನಿಮ್ ಸೂಜಿ ಜೀಪಲ್ಲೈತಾ ಡಾಕ್ಟ್ರಮ್ಮ?"

"ಇದೆ ಅಣ್ಣ. ಆದರೆ ಅದು ಹಸುವಿನ ಕಾಲುಬಾಯಿ ಜ್ವರಕ್ಕೆ. ಹಕ್ಕಿಜ್ವರಕ್ಕೂ ಅದಕ್ಕೂ ಸಂಬಂಧ ಇಲ್ಲ."

"ಗೊತ್ತು."

"ಈಮುವಿಗೆ ಅದರಿಂದ ಏನೂ ಆಗಲ್ಲ."

"ಗೊತ್ತು ಅಂದ್ನಲ್ಲ. ಹಾಕಿ." ಹಸುಗಳ ಕಡೆ ಹೆಜ್ಜೆ ಇಟ್ಟ. "ಅವುನು ಇಂಗ್ ಕೂತಿರಾದ್ ನೋಡ್ತಾ ಇದ್ರೆ ಯಾರ್ಗಾನಾ ಒಂದ್ ಸೂಜಿ ಹಾಕಿಸ್ಬೇಕು ಅನ್ನಿಸ್ತೈತೆ. ಸುಮ್ಕೆ ನಿಂತಿರಕ್ಕಾಗಲ್ಲ."

ಹೀಗೆ ಶುರುವಾಯಿತು. ಅವನ ಹಸುಗಳಿಗೆ ಹಾಕಿದ ಮೇಲೆ ಉಳಿದವರು ತಾವಾಗಿಯೇ ಹಗ್ಗ ಹಿಡಿದು ಬಂದರು. ಪ್ರತಿಯೊಬ್ಬರಿಗೂ ನಾನು ಈಮುವಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಹೇಳಿದೆ. ಪ್ರತಿಯೊಬ್ಬರೂ ತಲೆಯಾಡಿಸಿ, ಈಮುವಿನ ಕಡೆ ಒಮ್ಮೆ ನೋಡಿ, ಹಾಕಿ ಅಂದರು. ಒಬ್ಬಾಕೆ ಸೂಜಿ ಹಾಕುವಾಗ ಹಸುವಿನ ಕಿವಿಯಲ್ಲಿ, "ತಡ್ಕಳೇ, ಅವುನ್ಗಾಗಿ ತಡ್ಕ" ಎಂದಳು. ಸಹಾಯಕ ಪೆಟ್ಟಿಗೆ ಹೊತ್ತು ಹಿಂದೆ ಬಂದ. ಗೊಬ್ಬರದ ಬುಟ್ಟಿಯಲ್ಲಿ ಬಿದ್ದಿದ್ದರಿಂದ ಅವನು ಸ್ವಲ್ಪ ಕುಂಟುತ್ತಿದ್ದ. ಜನ ಅವನಿಗೂ ಒಂದು ಹಾಕಿಬಿಡಿ ಎಂದರು.

ಮಧ್ಯಾಹ್ನ ಬೆಂಗಳೂರಿನ ಡಾಕ್ಟರು ಬಂದರು. ಅರಿವಳಿಕೆ ಬಂದೂಕು ಹೆಗಲಲ್ಲಿತ್ತು, ಚಿರತೆಯ ಹಿಂದೆ ಓಡಿ ಕಣ್ಣು ಕೆಂಪಾಗಿತ್ತು. ಬಂದೂಕು ಕಂಡು ಅಜ್ಜಿ ಎದ್ದು ಹಗ್ಗದ ಮುಂದೆ ಅಡ್ಡ ನಿಂತಳು. "ಮೊದ್ಲು ನಂಗೊಡೀರಿ" ಎಂದಳು. ಇದು ನಿದ್ದೆ ಬರಿಸುವ ಬಂದೂಕು ಎಂದು ಹೇಳಿ ಸಮಾಧಾನ ಮಾಡಬೇಕಾಯಿತು. ಡಾಕ್ಟರು ದುರ್ಬೀನು ಹಿಡಿದು ಈಮುವನ್ನು ನೋಡಿದರು. ಎಂದಿನಿಂದ ತಿನ್ನುತ್ತಿಲ್ಲ, ಮೂಗಿನಲ್ಲಿ ಸೋರುತ್ತಿದೆಯೇ, ಉಸಿರು ಹೇಗಿದೆ, ಹಿಕ್ಕೆ ಹೇಗಿದೆ ಎಂದು ನನ್ನನ್ನು ಕೇಳಿದರು. ಆಮೇಲೆ ಕೇಳಿದರು, "ಇದು ಗಂಡಲ್ಲವೇ?"

"ಗಂಡು" ಎಂದ ರೈತ.

"ಹಾಗಿದ್ದರೆ ಕಾವು ಕೂತಿದೆ. ಈಮುವಿನಲ್ಲಿ ಕಾವು ಕೂರುವುದು ಗಂಡೇ. ಚಳಿಗಾಲ ಬಂತೆಂದರೆ ಕೂತುಬಿಡುತ್ತದೆ; ವಾರಗಟ್ಟಲೆ ಅನ್ನ ನೀರು ಬೇಡ. ಜೋಡಿ ಇಲ್ಲದಿದ್ದರೂ ಕೆಲವು ಹೀಗೆ ಬರೀ ನೆಲದ ಮೇಲೆ ಕೂರುತ್ತವೆ."

ಪಾನಿಪುರಿಯವನು ಗಾಡಿ ಬಿಟ್ಟು ಹಗ್ಗದ ತನಕ ಬಂದ.

"ಗಂಡ್ಸು ಕಾವು ಕೂತ್ಕತಾನಾ?" ಎಂದಳು ಅಜ್ಜಿ.

"ಹೌದಮ್ಮ."

ಅಜ್ಜಿ ಮಗನ ಕಡೆ ತಿರುಗಿದಳು. "ನೋಡ್ಲಾ" ಎಂದಳು. ಅಷ್ಟೇ ಅಂದದ್ದು. ಹೆಂಗಸರ ಗುಂಪಿನಲ್ಲಿ ಎದ್ದ ನಗು ಬೇಲಿಯುದ್ದಕ್ಕೂ ಹೋಗಿ ಮತ್ತೆ ಬಂತು. ಅದುವರೆಗೆ ನಿಂತಿದ್ದ ಗಂಡಸರಲ್ಲಿ ಅನೇಕರಿಗೆ ಆಗಲೇ ಹಾಲಿನ ಹೊತ್ತಾಯಿತೆಂದು ನೆನಪಾಯಿತು.

ನನಗೂ ನಗು ಬಂತು. ಆದರೆ ಪೂರ್ತಿ ನಗುವಂತಿರಲಿಲ್ಲ. ಕಾವು ಕೂತ ಹಕ್ಕಿಗೂ ಜ್ವರ ಇರಬಹುದಲ್ಲ. ಮಾದರಿ ತೆಗೆಯಲೇಬೇಕಿತ್ತು. ಬಂದೂಕು ಬೇಡ, ಅರಿವಳಿಕೆಯಿಂದ ಹಕ್ಕಿಗಳು ಸಾಯುವುದುಂಟು, ತಲೆಗೆ ಮುಸುಕು ಹಾಕಿದರೆ ಕತ್ತಲಾಗಿ ಸುಮ್ಮನಿರುತ್ತದೆ ಎಂದು ಡಾಕ್ಟರು ಹೇಳಿ ಸುತ್ತ ನೋಡಿದರು. ಅವರ ಕಣ್ಣು ಗಾರ್ಡಿನ ತಲೆಯ ಮೇಲೆ ನಿಂತಿತು.

"ಬೇಡ ಸಾರ್" ಎಂದರು ಗಾರ್ಡು. "ಮಗಳು ಊಟಿಯಿಂದ ತಂದಿದ್ದು."

ಆದರೂ ಕೊಟ್ಟರು. ಈ ಸಲ ಸೂಟಿನ ಮೇಲೆ ಅಜ್ಜಿಯ ಕಂಬಳಿ ಹೊದ್ದು, ಹಿಂದಿನಿಂದ ಮೆಲ್ಲಗೆ ಹೋದೆವು. ಡಾಕ್ಟರು ಕ್ಯಾಪನ್ನು ಹಿಂದುಮುಂದಾಗಿ ಹಾಕಿ ಕತ್ತಿನ ತನಕ ಎಳೆದರು. ಕಣ್ಣು ಮುಚ್ಚಿತು. ಕೊಕ್ಕು ಮಾತ್ರ ಹೆಣಿಗೆಯ ಸಂದಿಯಲ್ಲಿ ಹೊರಗೆ ಬಂತು. ಅಷ್ಟು ಎತ್ತರದ ಹಕ್ಕಿ, ಕಂದು ಉಲ್ಲನ್ನಿನ ಟೋಪಿ ಹಾಕಿಕೊಂಡು, ಬೆಳಗಿನ ರೈಲಿಗೆ ಕಾದು ಕೂತ ಹಿರಿಯರಂತೆ ಗಂಭೀರವಾಗಿತ್ತು. ಗಂಟಲಿಗೆ ಕಡ್ಡಿ ಹಾಕಿದೆ. ಸುಮ್ಮನಿತ್ತು. ಬಾಲದ ಕೆಳಗೂ ಹಾಕಿದೆ. ಒಂದು ಸಲ ಗುಡುಗುಡು ಅಂದಿತು. ಅಜ್ಜಿ ದೂರದಿಂದಲೇ "ಅಂತೇ ನಾಯನಾ, ಅಯಿಪೋಯಿಂದಿ, ಆಯ್ತು ಆಯ್ತು" ಎಂದಳು.

ಇನ್ನು ಉಳಿದದ್ದು ಎತ್ತುವುದು. ಗಾರ್ಡು ರೇಂಜರ್ ಸಾಹೇಬರಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿ ಜೇಬಿನಲ್ಲಿಟ್ಟುಕೊಂಡರು. ರೈತ, ಡಾಕ್ಟರು, ಸಹಾಯಕ ಮತ್ತು ನಾನು ಕೈ ಕೊಟ್ಟು ಈಮುವನ್ನು ಮೆಲ್ಲಗೆ ಮೇಲೆತ್ತಿದೆವು. ಗಾರ್ಡು ಮಂಡಿಯೂರಿ ಕೂತು ನೋಡಿದರು. ನೋಡುತ್ತಲೇ ಇದ್ದರು.

"ಮೊಟ್ಟೆ ಒಡೆದಿವೆಯೇನ್ರೀ?" ಎಂದಿತು ಜೇಬು.

"ಇಲ್ಲ ಸಾರ್."

"ಸದ್ಯ. ಎಷ್ಟಿವೆ?"

"ಸಾರ್... ಇದು ಮೊಟ್ಟೆ ಅಲ್ಲ ಸಾರ್. ಚೆಂಡು."

ಜೇಬು ಕೆಮ್ಮಿತು.

ಗಾಲ್ಫ್ ಚೆಂಡುಗಳು. ದಿಬ್ಬದ ಮೇಲುಗಡೆ, ಗಣಿ ನಡೆಸಿದ ಬಿಳಿಯ ದೊರೆಗಳ ಕಾಲದ ಗಾಲ್ಫ್ ಮೈದಾನವಿದೆ. ಅಲ್ಲಿ ಗುರಿ ತಪ್ಪಿ ಪೊದೆಗೆ ಬಿದ್ದ ಚೆಂಡುಗಳೆಲ್ಲ ಎಷ್ಟೋ ಮಳೆಗಾಲಗಳಲ್ಲಿ ಕಾಲುವೆಯಲ್ಲಿ ಉರುಳಿಕೊಂಡು ಬಂದು ಈ ತಗ್ಗಿನಲ್ಲಿ ನಿಂತಿರಬೇಕು. ಕೆಲವು ಹಳದಿಗಟ್ಟಿದ್ದವು, ಕೆಲವು ಸೀಳಿದ್ದವು, ಒಂದೆರಡು ಹೊಸದರಂತೆ ಹೊಳೆಯುತ್ತಿದ್ದವು.

"ಯಾರ ಚೆಂಡು?" ಎಂದರು ರೇಂಜರ್ ಸಾಹೇಬರು ಕೊನೆಗೆ.

"ದೊರೆಗಳದ್ದೇನೋ ಸಾರ್."

"ಹಾಗಾದರೆ ನಮಗೆ ಸಂಬಂಧ ಇಲ್ಲ" ಎಂದು ಫೋನು ಇಟ್ಟರು.

ಈಮುವನ್ನು ಲಗೇಜ್ ಆಟೋದಲ್ಲಿ ಹುಲ್ಲು ಹಾಸಿ ಕೂರಿಸಿದೆವು. ಅಜ್ಜಿ ಹತ್ತಲಿಲ್ಲ. ತಗ್ಗಿಗೆ ಇಳಿದು ಚೆಂಡುಗಳನ್ನು ಒಂದೊಂದಾಗಿ ಎತ್ತಿ ಮಡಿಲಿಗೆ ಹಾಕಿಕೊಂಡಳು. "ಇದ್ಯಾಕಮ್ಮ?" ಎಂದ ಮಗನಿಗೆ, "ಅವುನು ಇಷ್ಟ್ ದಿನ ಬರೀ ನೆಲದ್ ಮೇಲೆ ಕೂತಿದ್ನಲ್ಲೋ" ಎಂದಳು. ಗಣಿ ಜಾಗದಿಂದ ಕಲ್ಲನ್ನೂ ಒಯ್ಯುವಂತಿಲ್ಲ ಎಂದು ಗಾರ್ಡು ಮೆಲ್ಲಗೆ ಹೇಳಿ ನೋಡಿದರು. ಅವಳು ಮುಖವೆತ್ತಿ ಅವರನ್ನು ನೋಡಿದಳು. ಅವರು ದಿಬ್ಬದ ಕಡೆ ತಿರುಗಿ, ಅಲ್ಲಿ ಏನೋ ಹಾರಿತು ಎಂದು ಬಹಳ ಹೊತ್ತು ನೋಡಿದರು.

ಮಾದರಿ ಹೋದ ಮೇಲೆ ಫಲಿತಾಂಶ ಬರುವವರೆಗೆ ನನಗೆ ಊಟ ರುಚಿಸಲಿಲ್ಲ. ಊರಿನ ಕೋಳಿಗಳೆಲ್ಲ ಬುಟ್ಟಿಯ ಕೆಳಗೆ ಇದ್ದವು. ಫೋನು ಬಂದಾಗ ನಾನು ಬಂಗಾರಪೇಟೆ ಸ್ಟೇಷನ್ನಿನ ಮುಂದೆ ತರಕಾರಿ ಕೊಳ್ಳುತ್ತಿದ್ದೆ. ಯಾವ ರೋಗವೂ ಇಲ್ಲ. ಬೀನ್ಸಿನ ಚೀಲ ಹಿಡಿದುಕೊಂಡೇ ರೈತನಿಗೆ ಫೋನು ಮಾಡಿದೆ. ಅವನು "ಸರಿ ಡಾಕ್ಟ್ರಮ್ಮ" ಎಂದ. ಹಿಂದೆ ಅಜ್ಜಿ ಜೋರಾಗಿ ತೆಲುಗಿನಲ್ಲಿ ಯಾರಿಗೋ ಸುದ್ದಿ ಮುಟ್ಟಿಸುತ್ತಿದ್ದದ್ದು ಕೇಳಿಸಿತು. ಯಾರಿಗೆಂದು ಕೇಳಬೇಕಾಗಿರಲಿಲ್ಲ.

ಈಮು ಆ ಚೆಂಡುಗಳ ಮೇಲೆ ಚಳಿ ಮುಗಿಯುವವರೆಗೂ ಕೂತಿತು. ಆಗಾಗ ಕೊಕ್ಕಿನಿಂದ ಅವನ್ನು ತಿರುವಿ ಹಾಕುತ್ತಿತ್ತಂತೆ. ಒಂದು ಬೆಳಿಗ್ಗೆ ಬಡಕಲಾಗಿ ಎದ್ದು, ಹುಲ್ಲಿನ ಮೆದೆಯ ತನಕ ನಡೆದು, ರಾಗಿಮುದ್ದೆ ತಿಂದು, ಚೆಂಡುಗಳ ಕಡೆ ಮತ್ತೆ ತಿರುಗಿ ನೋಡಲಿಲ್ಲ. ಮರಿ ಆಗಲಿಲ್ಲವಲ್ಲ ಎಂದು ಅದಕ್ಕೆ ಬೇಸರವಾಯಿತೇ ಎಂದು ಅಜ್ಜಿಯನ್ನು ಕೇಳಿದೆ. "ಅವುನ್ ಕೆಲ್ಸ ಅವುನ್ ಮಾಡ್ದ" ಎಂದಳು. ಗಾರ್ಡು ಕ್ಯಾಪನ್ನು ವಾಪಸು ಕೇಳಿದರು. ಔಷಧದ ನೀರಿನಲ್ಲಿ ಅದ್ದಿ ಕೊಟ್ಟೆ. ಬಣ್ಣ ಹೋಗಿ ಅಲ್ಲಲ್ಲಿ ಬೆಳ್ಳಗಾಯಿತು. ಅವರು ಅದನ್ನೇ ಹಾಕಿಕೊಂಡರು.

ಬೇಸಿಗೆಯಲ್ಲಿ ಕಾಲುಬಾಯಿ ಜ್ವರ ಬಂದೇ ಬಂತು. ರಸ್ತೆಯಾಚೆಯ ಹಳ್ಳಿಗಳಲ್ಲಿ ಹಸುಗಳು ಜೊಲ್ಲು ಸುರಿಸಿಕೊಂಡು ನಿಂತವು, ಕೆಲವು ಕರುಗಳು ಹೋದವು. ನಾನು ದಿನವೂ ಅಲ್ಲಿ ಬಾಯಿ ತೊಳೆಯುತ್ತಾ, ಗೊರಸು ಕಟ್ಟುತ್ತಾ ಇದ್ದೆ. ಈ ಊರಿನ ಕೊಟ್ಟಿಗೆ ಒಂದಕ್ಕೂ ಅದು ನುಗ್ಗಲಿಲ್ಲ. ಆದರೂ ಜೀವ ತಡೆಯದೆ ಗಣಿ ಜಾಗಕ್ಕೆ ಹೋಗಿ ಬರುತ್ತಿದ್ದೆ. ಒಂದು ದಿನ ಗಾರ್ಡು ಫೋನು ಮಾಡಿ, "ಮೇಡಂ, ಒಂದ್ ಗಂಡ್ ಜಿಂಕೆ ಕುಂಟ್ತಾ ಐತೆ, ಸೀಕ್ರಂ ಬನ್ನಿ" ಎಂದರು. ಗಾಬರಿಯಲ್ಲಿ ಅವರಿಗೆ ಬೇಗ ಎನ್ನುವುದಕ್ಕೂ ತಮಿಳೇ ಮೊದಲು ಬಾಯಿಗೆ ಬರುತ್ತಿತ್ತು.

ಕುಂಟೆಯ ಏರಿಯ ಹಿಂದೆ ಇಬ್ಬರೂ ಬಿಸಿಲಿನಲ್ಲಿ ಬೋರಲಾಗಿ ಅಡಗಿ ಮಲಗಿ, ಸರದಿಯಲ್ಲಿ ದುರ್ಬೀನು ಹಿಡಿದೆವು. ಕಪ್ಪು ಬೆನ್ನು, ತಿರುಚಿದ ಕೊಂಬಿನ ಗಂಡು. ಮುಂಗಾಲು ಊರುತ್ತಿರಲಿಲ್ಲ. ನಾನು ಬಾಯಿಯನ್ನೇ ನೋಡುತ್ತಿದ್ದೆ. ಜೊಲ್ಲಿದೆಯೋ, ಬಿಸಿಲಿಗೆ ಹೊಳೆಯುತ್ತಿದೆಯೋ ತಿಳಿಯುತ್ತಿರಲಿಲ್ಲ.

"ಏನ್ ಕಾಣ್ತೈತೆ ಮೇಡಂ?"

"ಸುಮ್ಮನಿರಿ."

ಅದು ಹುಲ್ಲು ಕಿತ್ತು ಅಗಿಯಿತು. ನಿಧಾನವಾಗಿ, ನೋವಿಲ್ಲದ ಬಾಯಿ ಅಗಿಯುವಂತೆ ಅಗಿಯಿತು. ಆಮೇಲೆ ಕಾಲೆತ್ತಿ, ಕತ್ತು ಬಗ್ಗಿಸಿ, ಹಲ್ಲಿನಿಂದ ಗೊರಸಿನ ಸಂದಿಯಲ್ಲಿ ಏನನ್ನೋ ಕಚ್ಚಿ ಎಳೆಯಿತು. ತಲೆ ಕೊಡವಿತು. ಕಾಲು ಊರಿ ನೋಡಿ, ಮತ್ತೊಮ್ಮೆ ಊರಿ, ಹಿಂಡಿನ ಕಡೆ ನಡೆಯಿತು.

"ಮುಳ್ಳು" ಎಂದೆ.

"ಜಾಲಿ ಮುಳ್ಳಾ?"

"ಜಾಲಿ ಮುಳ್ಳೇ."

ಗಾರ್ಡು ದುರ್ಬೀನು ಇಸಿದುಕೊಂಡು ತಾವೂ ಒಮ್ಮೆ ನೋಡಿ ಖಚಿತ ಮಾಡಿಕೊಂಡರು. ಆಮೇಲೆ ಇಬ್ಬರೂ ಬಟ್ಟೆಯ ಬಿಳೀ ಮಣ್ಣು ಕೊಡವಿಕೊಂಡು ಎದ್ದೆವು.